ಒಂದೇ ಎಲೆಯ ಹೊಲ

ವಾರಿಜಕ್ಕ ಚಾಪೆಯ ಮೇಲೆ ಒಂದೇ ಒಂದು ಹಸಿರೆಲೆ ಇಟ್ಟು, ಉಳಿದ ಒಂಬತ್ತನ್ನು ಬೀಸಣಿಗೆಯಂತೆ ಕೈಯಲ್ಲೇ ಹರಡಿ ಹಿಡಿದು, "ನಂದು ಬಿತ್ತನೆ ಆಯ್ತು" ಅಂದಳು.

ಶಾಮಿಯಾನದ ಅಡಿಯಲ್ಲಿದ್ದ ಜನ, ಇನ್ನೂ ಇಡುತ್ತಾಳೆ ಅಂದುಕೊಂಡು ಸುಮ್ಮನಿದ್ದರು. ಅವಳ ಕೈ ಮತ್ತೆ ಚಾಪೆಯ ಕಡೆ ಹೋಗದಿದ್ದಾಗ ಗಡಿಯಾರದ ಬೀದಿಯವರ ಗುಂಪಿನಿಂದ ಯಾರೋ ಕೂಗಿದರು: "ಅಕ್ಕಾರೇ, ಬೀಜ ಸಾಲದಿದ್ರೆ ನಾವು ಕೊಡ್ತೀವಿ, ನಾಚ್ಕೋಬೇಡಿ!" ಇನ್ನೊಬ್ಬ, "ಅದು ಹೊಲ ಅಲ್ಲ ಕಣ್ರೋ, ಹೂವಿನ ಕುಂಡ" ಅಂದ. ಅವರ ಕಡೆ ನಗು ಹಬ್ಬಿತು. ನಮ್ಮ ಕಡೆ ಯಾರೂ ನಗಲಿಲ್ಲ. ನಮ್ಮ ಬೀದಿಗೆ ಹಿರಿಯನಾದ ಲೋಕಪ್ಪ ದೊಡ್ಡಪ್ಪ ಹೆಗಲ ಮೇಲಿನ ಟವೆಲನ್ನು ಎಳೆದು ಮುಖ ಒರೆಸಿಕೊಳ್ಳುವ ನೆಪದಲ್ಲಿ ಮುಖ ಮುಚ್ಚಿಕೊಂಡ.

ಅವರ ಪೈಕಿ ನಗದವನು ಎದುರಿಗೆ ಕೂತಿದ್ದ ಅವರ ಆಟಗಾರ ಪರಂಜ್ಯೋತಿ ಮಾತ್ರ. ಅವನು ತನ್ನ ಹತ್ತು ಹಸಿರೆಲೆಗಳನ್ನೂ ಎರಡು ಸಾಲಾಗಿ, ಅಂಚಿಗೆ ಅಂಚು ಕೂಡಿಸಿ, ನೋಡಿದರೆ ಹೊಟ್ಟೆ ತುಂಬುವ ಹಾಗೆ ಬಿತ್ತಿದ್ದ. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಮೆತ್ತಗಿನ ದನಿ. ಸಂಜೆಗಳನ್ನು ಗೆದ್ದುಕೊಂಡು ಹೋಗುವ ಮನುಷ್ಯನಿಗೆ ಮೀಸೆಯಾದರೂ ದಪ್ಪಗಿರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತಿತ್ತು. ಅವನಿಗೆ ಮೀಸೆಯೇ ಇರಲಿಲ್ಲ. ಅವಳ ಒಂಟಿ ಎಲೆಯನ್ನು ಬಹಳ ಹೊತ್ತು ನೋಡಿ, "ಹೀಗೇ ಇರ್ಲಾ ತಂಗಿ? ಆಮೇಲೆ ಎಲ್ಲಾ ಒಟ್ಟಿಗೆ ಇಡ್ತೀನಿ ಅಂದ್ರೆ ಆಗಲ್ಲ" ಅಂದ.

"ಸರದಿಗೊಂದು ಇಡಬಹುದಲ್ಲ ಅಣ್ಣಾರೆ. ಅಷ್ಟು ಸಾಕು ನನಗೆ."

ನಾನು ಅವಳ ಬೆನ್ನ ಹಿಂದೆ ಕೂತಿದ್ದೆ. ಅವಳ ಕುತ್ತಿಗೆಯ ಮೇಲೆ ಒಂದು ಬೆವರ ಹನಿ ಇಳಿಯುತ್ತಿತ್ತು. ದನಿಯಲ್ಲಿ ಅದರ ಗುರುತೇ ಇರಲಿಲ್ಲ.

ನಮ್ಮೂರಿನಲ್ಲಿ ಸಂಜೆ ಬೀದಿಗಳ ಸೊತ್ತು. ವರ್ಷಕ್ಕೊಮ್ಮೆ ಚೌಕದಲ್ಲಿ ಎಲೆಯಾಟ ನಡೆಯುತ್ತದೆ. ಎಲೆ ಅಂದರೆ ಇಸ್ಪೀಟಿನಂಥದೇ ರಟ್ಟಿನ ಎಲೆ, ಅದರ ಮೇಲೆ ರಾಜ ರಾಣಿಯರ ಬದಲು ಪೈರು, ಹುಳ, ಗೋಡೆ, ಗಾಳಿ. ಸೋತ ಬೀದಿಯ ಸಂಜೆ ಮಾರನೇ ದಿನದಿಂದ ಗೆದ್ದ ಬೀದಿಗೆ ಹೋಗುತ್ತದೆ. ನಮ್ಮ ಭಟ್ಟಿ ಬೀದಿಯ ಸಂಜೆ ಹೋಗಿ ಮೂರು ವರ್ಷವಾಗಿತ್ತು. ಶಾಲೆ ಬಿಡುವ ಹೊತ್ತಿನವರೆಗೂ ಬಿಸಿಲು ನೆತ್ತಿ ಸುಡುತ್ತಿರುತ್ತದೆ, ಆಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ರಾತ್ರಿ ಬೀಳುತ್ತದೆ. ಮೊದಮೊದಲು ಕೋಳಿಗಳು ನಡುಬೀದಿಯಲ್ಲಿ ನಿಂತಲ್ಲೇ ನಿಂತುಬಿಡುತ್ತಿದ್ದವು. ಈಗ ಶಾಲೆಯ ಗಂಟೆ ಕೇಳಿದರೆ ಸಾಕು, ಮಕ್ಕಳಿಗಿಂತ ಮುಂಚೆ ಮನೆ ಸೇರುತ್ತವೆ. ಮಿರ್ಚಿ ಬಜ್ಜಿಯ ಗಾಡಿ ಸಂಜೆಯ ಹಿಂದೆಯೇ ಹೊರಟುಹೋಯಿತು. ಅತ್ತೆ ಸೊಸೆಯರಿಗೆ ಜಗಲಿಯ ಮೇಲೆ ಕೂತು ರಾಜಿಯಾಗುವ ಹೊತ್ತು ಇಲ್ಲದೆ ಜಗಳಗಳು ಮಾರನೇ ದಿನಕ್ಕೆ ಉಳಿಯತೊಡಗಿದವು. ಗಡಿಯಾರದ ಬೀದಿ ಶುರುವಾಗುವ ಮೂಲೆಯಲ್ಲಿ ಅವರ ಸಂಜೆ ಪರದೆಯಂತೆ ನಿಂತಿರುತ್ತದೆ. ನಮ್ಮ ಮಕ್ಕಳು ಕತ್ತಲೆಯಲ್ಲಿ ನಿಂತು ಅದರೊಳಗೆ ಕೈ ಚಾಚಿ, ಬೆರಳು ಹೊಂಬಣ್ಣವಾಗುವುದನ್ನು ನೋಡಿ ಬರುತ್ತಾರೆ.

ಗಡಿಯಾರದ ಬೀದಿಯವರ ಹತ್ತಿರ ಈಗ ತಮ್ಮದೂ ಸೇರಿ ನಾಲ್ಕು ಸಂಜೆ. ಒಂದರ ಹಿಂದೆ ಒಂದು ಬರುತ್ತವೆ. ಅಲ್ಲಿ ಜನ ಎರಡೆರಡು ಸಲ ಕಾಫಿ ಕುಡಿದು, ಆಡುವ ಮಾತೆಲ್ಲ ಆಡಿ ಮುಗಿಸಿ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತಿರುತ್ತಾರೆ. ಮಕ್ಕಳು ಆಡಿ ಆಡಿ ಸಾಕಾಗಿ ಅಳುತ್ತವೆ. ಆದರೂ ಒಂದನ್ನು ವಾಪಸ್ ಕೊಡಿ ಅಂದರೆ ಕೊಡುವವರಲ್ಲ.

ವಾರಿಜಕ್ಕನಿಗೆ ಜಗಲಿಯೂ ಬೇಕಿರಲಿಲ್ಲ, ಬಜ್ಜಿಯೂ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಮೈದಾನ. ಬೀದಿಯ ಹಿಂದಿನ ಆ ಮೈದಾನದಲ್ಲಿ ಅವಳು ಹುಡುಗಿಯರಿಗೆ ಖೋ ಖೋ ಕಲಿಸುತ್ತಿದ್ದಳು. ಬೆಳಿಗ್ಗೆ ಹುಡುಗಿಯರಿಗೆ ಮಂಡಕ್ಕಿ ಭಟ್ಟಿಯ ಕೆಲಸ, ಆಮೇಲೆ ಶಾಲೆ. ಮಧ್ಯಾಹ್ನ ನೆಲಕ್ಕೆ ಕಾಲಿಟ್ಟರೆ ಬೊಬ್ಬೆ. ದೀಪ ಕಟ್ಟಿ ಆಡಿಸಿ ನೋಡಿದಳು; ತಂಡದ ನಾಯಕಿ ಸಫೂರಾ ಎದ್ದು ಓಡಿದವಳು ಕಂಬದ ನೆರಳನ್ನು ಹುಡುಗಿ ಅಂದುಕೊಂಡು ಮುಟ್ಟಲು ಹೋಗಿ ಕಂಬಕ್ಕೆ ಹಣೆ ಒಡೆದುಕೊಂಡಳು. ಗಡಿಯಾರದ ಬೀದಿಗೆ ಕರೆದುಕೊಂಡು ಹೋಗೋಣವೆಂದರೆ ಅಲ್ಲಿರುವುದು ಅಂಗಡಿ ಮತ್ತು ಮೆಟ್ಟಿಲು, ಓಡುವಷ್ಟು ನೆಲವಿಲ್ಲ. ಹುಡುಗಿಯರು ಈಗ ಖೋ ಖೋ ಆಡುವುದು ಬಾಯಲ್ಲಿ ಮಾತ್ರ. ಈ ಸಲ ಲೋಕಪ್ಪ ದೊಡ್ಡಪ್ಪ ಹೇಳಿಬಿಟ್ಟಿದ್ದ: "ಇದೊಂದು ಸಲ ನೋಡೋಣ ವಾರಿಜಾ. ಸೋತ್ರೆ ಮೈದಾನದಲ್ಲಿ ಭತ್ತ ಒಣಗಿಸೋಣ. ನಮಗೆ ಉಳಿದಿರೋದು ಬಿಸಿಲೊಂದೇ ಕಣವ್ವ, ಅದನ್ನಾದ್ರೂ ಬಳಸ್ಕೊಬೇಕಲ್ಲ." ಅವನು ಕೆಟ್ಟವನಲ್ಲ. ಅವನ ಮೊಮ್ಮಗಳೂ ಅದೇ ತಂಡದವಳು. ಬೀದಿಗೆ ಲಾಭವಾಗುವುದನ್ನು ಬಿಟ್ಟು ಬೇರೆ ಯೋಚಿಸಲು ಅವನಿಗೆ ಬರುವುದಿಲ್ಲ, ಅಷ್ಟೇ.

ಪರಂಜ್ಯೋತಿಯ ಎಲೆಕಟ್ಟಿಗೆ ಮಿಡತೆ ಕಟ್ಟು ಅಂತ ಹೆಸರು. ಅದನ್ನು ನಾನು ಬೈಯಲಾರೆ, ಯಾಕೆಂದರೆ ನಾನೂ ಮಿಡತೆಯವನೇ. ಊರಿನ ಹುಡುಗರೆಲ್ಲ ಮಿಡತೆಯವರೇ. ಅದರಷ್ಟು ಚಂದದ ಕಟ್ಟನ್ನು ನಾನು ನೋಡಿಲ್ಲ. ಆಟ ಇಷ್ಟೇ: ಇಬ್ಬರಿಗೂ ಹತ್ತು ಹತ್ತು ಹಸಿರೆಲೆ, ಅವೇ ನಿಮ್ಮ ಹೊಲ. ನಿಮ್ಮ ಸರದಿ ಮುಗಿಯುವಾಗ ನಿಮ್ಮ ಹೊಲ ಬರಿದಾಗಿದ್ದರೆ ನೀವು ಸೋತಿರಿ. ಹಸಿರಲ್ಲದೆ ನಿಮ್ಮದೇ ಒಂದು ಕಟ್ಟು ಇರುತ್ತದೆ, ಅದರಿಂದ ಸರದಿಗೊಂದು ಎಲೆ ಎತ್ತುತ್ತೀರಿ, ಸರದಿಗೊಂದು ಎಲೆ ಇಳಿಸುತ್ತೀರಿ. ಮಿಡತೆ ಇಳಿಸಿದರೆ ಅದು ಎದುರಾಳಿಯ ಹೊಲಕ್ಕೆ ಹಾರಿ ಒಂದು ಹಸಿರು ತಿನ್ನುತ್ತದೆ, ತಿಂದ ಖುಷಿಗೆ ಕಟ್ಟಿನಿಂದ ಇನ್ನೊಂದು ಮಿಡತೆಯನ್ನು ಕರೆಯುತ್ತದೆ. ಎರಡು ಹಾರುತ್ತವೆ, ನೀವು ಇನ್ನೊಂದನ್ನು ಸೇರಿಸುತ್ತೀರಿ, ಮೂರೂ ತಿಂದು ಆರಾಗುತ್ತವೆ. ಮೂರನೇ ಸರದಿಗೆ ಎದುರಿನ ಹೊಲದಲ್ಲಿ ಚಾಪೆ ಮಾತ್ರ ಉಳಿದಿರುತ್ತದೆ. ನಾನು ಮೊದಲ ಸಲ ಮಿಡತೆ ಆಡಿದ ದಿನ, ಸೈಕಲ್ ಇಳಿಜಾರಿನಲ್ಲಿ ತಾನೇ ಓಡಿದಾಗ ಆಗುವಂಥ ಸುಖ ಆಗಿತ್ತು. ಯೋಚಿಸಬೇಕಿಲ್ಲ, ಕೈ ಬಿಟ್ಟರೆ ಸಾಕು.

ಮಿಡತೆಗೆ ಮದ್ದು ಹುಡುಕಿದವರು ಎಷ್ಟೋ ಜನ. ಎಲ್ಲರಿಗೂ ಹೊಳೆದದ್ದು ಗೋಡೆ. ಹೊಲದ ಮುಂದೆ ಗೋಡೆ ಎಲೆ ಇಳಿಸಿದರೆ ಒಂದು ಮಿಡತೆ ಡಿಕ್ಕಿ ಹೊಡೆದು ಬೀಳುತ್ತದೆ. ಒಂದು ಬಿದ್ದರೇನು, ಉಳಿದವು ಮೇಲಿಂದ ಬರುತ್ತವೆ. ಆದರೂ ಊರಿನಲ್ಲಿ ಗೋಡೆಗೆ ಎಲ್ಲಿಲ್ಲದ ಗಿರಾಕಿ. ಚೌಕದ ಅರಳಿಕಟ್ಟೆಯ ಮೇಲೆ ಎಲೆ ಬದಲಾಯಿಸಿಕೊಳ್ಳುವವರು ಭಾನುವಾರ ಸೇರುತ್ತಾರೆ, ಅಲ್ಲಿ ಒಂದು ಕಲ್ಲುಗೋಡೆಗೆ ಎರಡು ಆನೆ ಎಲೆ ಕೊಡುತ್ತಿದ್ದರು. ಇಂಥ ಹೊತ್ತಿನಲ್ಲಿ ವಾರಿಜಕ್ಕ ಹೋಗಿ ತನ್ನ ಹತ್ತಿರವಿದ್ದ ಗೋಡೆಗಳನ್ನೆಲ್ಲ ಕೊಟ್ಟುಬಿಟ್ಟಳು. ಬದಲಿಗೆ ಏನು ತಂದಳು ಅಂದರೆ, ನವಿಲು, ದೋಣಿ, ಗಾಳಿಪಟ. ಆಟದಲ್ಲಿ ಯಾವ ಕೆಲಸಕ್ಕೂ ಬಾರದ, ಚಿತ್ರ ಚೆನ್ನಾಗಿದೆ ಅಂತ ಮಕ್ಕಳು ಇಟ್ಟುಕೊಳ್ಳುವ ಎಲೆಗಳು.

"ಅಕ್ಕ, ಆಟ ಬಿಟ್ಟೆಯಾ?" ಅಂತ ಕೇಳಿದೆ.

"ಇಲ್ಲ ಸೋಮಿ. ಗೋಡೆ ಬಿಟ್ಟೆ. ಬಾ ಇಲ್ಲಿ, ನಿನ್ನ ಮಿಡತೆ ತಂದಿದೀಯ?"

ಅವಳ ಮನೆಯ ಪಡಸಾಲೆಯಲ್ಲಿ ನಾವು ಕೂತೆವು. ಅವಳು ಎಲೆ ಹಂಚದೆ ಒಂದು ಪ್ರಶ್ನೆ ಕೇಳಿದಳು. "ಮಿಡತೆಯವನು ಗೆದ್ದ ಮೇಲೆ ಅವನ ಹೊಲದಲ್ಲಿ ಎಷ್ಟು ಹಸಿರು ಉಳಿದಿರತ್ತೆ?"

"ಹತ್ತು. ಅವನ ಹೊಲ ಯಾರು ಮುಟ್ತಾರೆ?"

"ಒಂಬತ್ತು."

ನಾನು ನಕ್ಕೆ. ಅವಳು ನಗಲಿಲ್ಲ. ಎದುರುಮನೆಯ ಹುಡುಗರನ್ನು ಕರೆದು, ಮಿಡತೆಯೂ ಗೋಡೆಯೂ ಇಲ್ಲದ ಕಟ್ಟು ಕೊಟ್ಟು, ನನ್ನ ಜೊತೆ ಆಡಿಸಿದಳು. ನಾನು ಮೂರನೇ ಸರದಿಗೆ ಗೆದ್ದೆ. ನನ್ನ ಹೊಲ ಎಣಿಸಿದೆ: ಒಂಬತ್ತು. ಮತ್ತೆ ಆಡಿಸಿದಳು, ಮತ್ತೆ ಒಂಬತ್ತು. ನಾನು ಅಷ್ಟು ವರ್ಷ ಆಡಿದವನು, ಗೆದ್ದ ಗಲಾಟೆಯಲ್ಲಿ ಎಲೆ ಬಾಚಿ ಜೇಬಿಗೆ ಹಾಕಿಕೊಂಡವನೇ ಹೊರತು ಅದನ್ನು ನೋಡಿರಲಿಲ್ಲ. ಕೊನೆಯ ಸರದಿಯಲ್ಲಿ ಮಿಡತೆ ಏಳು, ಎದುರಿನ ಹೊಲದಲ್ಲಿ ಉಳಿದ ಹಸಿರು ಆರು. ಒಂದು ಮಿಡತೆಗೆ ಊಟವಿಲ್ಲ. ಹಸಿದ ಮಿಡತೆ ತಿರುಗಿ ಬಂದು ಮನೆಯ ಹೊಲದ್ದೇ ಒಂದು ಹಸಿರು ತಿನ್ನುತ್ತದೆ. ನಿಯಮ ಎಲ್ಲರಿಗೂ ಗೊತ್ತು, ಎಲ್ಲರ ಕೈಯೂ ಆ ಒಂದು ಎಲೆಯನ್ನು ಪಕ್ಕಕ್ಕಿಡುತ್ತದೆ, ಆದರೆ ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಗೆದ್ದವನಿಗೆ ಒಂದೆಲೆ ಹೋದರೆ ಯಾರಿಗೆ ಬೇಕು?

"ನೀವೆಲ್ಲ ಸೋತವನ ಹೊಲ ನೋಡ್ತಿದ್ರಿ" ಅಂದಳು. "ನಾನು ಮೂರು ವರ್ಷದಿಂದ ಗೆದ್ದವನ ಹೊಲ ನೋಡ್ತಾ ಇದೀನಿ. ಈಗ ಇಳಿಸು ನಿನ್ನ ಮಿಡತೆ." ಮತ್ತು ತನ್ನ ಕಡೆ ಒಂದೇ ಒಂದು ಹಸಿರು ಬಿತ್ತಿದಳು.

ನನ್ನ ಮಿಡತೆಗಳು ನನ್ನನ್ನೇ ತಿಂದವು. ಅದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಪ್ರತಿ ಸರದಿಗೂ ಅವಳು ಒಂದು ಹಸಿರು ಇಡುವಳು, ಒಂದು ಮಿಡತೆ ತಿಂದು ಇನ್ನೊಂದನ್ನು ಕರೆಯುವುದು, ಉಳಿದವೆಲ್ಲ ಹಸಿದುಕೊಂಡು ನನ್ನ ಕಡೆ ತಿರುಗುವವು. ಇಳಿದ ಮಿಡತೆ ಹಾರಲೇಬೇಕು, ಬೇಡ ಅನ್ನುವ ಹಾಗಿಲ್ಲ. ಆ ಕಟ್ಟಿನ ಜೋರು ಅಂತ ನಾನು ಯಾವುದನ್ನು ಪ್ರೀತಿಸಿದ್ದೆನೋ ಅದೇ ನನ್ನ ಹೊಲವನ್ನು ಬೋಳಿಸಿತು. ನನಗೆ ಸಿಟ್ಟು ಬರಬೇಕಿತ್ತು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಅವಳು, "ಕೂತ್ಕೋ, ಕೂತ್ಕೋ. ಮೂರನೇ ಸರದಿ ಒಳಗೆ ನನ್ನ ಕೈ ಖಾಲಿ ಆದ್ರೆ ಸತ್ತೆ. ಅದಕ್ಕೇನಾದ್ರೂ ಉಂಟಾ ನೋಡು ಊರಲ್ಲಿರೋ ಎಲೆಗಳಲ್ಲಿ" ಅಂದಳು.

ನಾನು ತಲೆಯಲ್ಲೇ ಹುಡುಕಿದೆ. ಇತ್ತು. ಸುಂಟರಗಾಳಿ ಅನ್ನುವ ಎಲೆ: ಎದುರಾಳಿಯ ಕೈಯಲ್ಲಿರುವುದೆಲ್ಲ ಹಾರಿಹೋಗುತ್ತದೆ. ಅದನ್ನು ಯಾರೂ ಕಟ್ಟಿನಲ್ಲಿ ಇಡುವುದಿಲ್ಲ, ಯಾಕೆಂದರೆ ನಮ್ಮೂರಿನಲ್ಲಿ ಹಸಿರನ್ನೆಲ್ಲ ಮೊದಲೇ ಬಿತ್ತುತ್ತಾರೆ, ಕೈಯಲ್ಲಿ ಹಾರಿಸಲು ಏನೂ ಇರುವುದಿಲ್ಲ.

ಯಾಕೆ ಮೊದಲೇ ಬಿತ್ತುತ್ತಾರೆ ಅಂದರೆ, ಆ ಹಸಿರೆಲೆಗಳು ಆಡುವವರೊಬ್ಬರದಲ್ಲ. ಆಡುವವರ ಮನೆಯೂ ಸೇರಿ ಬೀದಿಯ ಹತ್ತು ಮನೆಯವರು ತಲಾ ಒಂದು ಕೊಡುತ್ತಾರೆ. ಅರಿಶಿನ ಹಚ್ಚಿ, ಹಿಂದೆ ಮನೆಯ ಹೆಸರು ಬರೆದು, ಹಿರಿಹೆಂಗಸು ತಂದು ಆಟಗಾರರ ಕೈಗೆ ಇಡುತ್ತಾಳೆ. ಅದನ್ನು ಬಿತ್ತದೆ ಕೈಯಲ್ಲಿ ಇಟ್ಟುಕೊಳ್ಳುವುದು ಅಂದರೆ ಊಟಕ್ಕೆ ಕರೆದು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಬಿತ್ತದ ಎಲೆಯ ಮನೆಯವರು ಆಟಗಾರರ ಮನೆಯ ನೀರು ಮುಟ್ಟುವುದಿಲ್ಲ. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಗಟ್ಟಿ. ಅದಕ್ಕೇ ಊರಿನ ಅಷ್ಟು ಜನ ಬುದ್ಧಿವಂತರು ಮಿಡತೆಗೆ ತುಂಬಿದ ತಟ್ಟೆಯನ್ನೇ ಮುಂದಿಡುತ್ತಾ ಬಂದದ್ದು.

ವಾರಿಜಕ್ಕ ಬಚ್ಚಿಡಲಿಲ್ಲ. ಎಲೆ ಕೊಡಲು ಬಂದ ಉಳಿದ ಒಂಬತ್ತು ಮನೆಯವರನ್ನೂ ಕೂರಿಸಿ ಹೇಳಿಬಿಟ್ಟಳು. ನಾನಾಗಿದ್ದರೆ ಹೇಳುತ್ತಿರಲಿಲ್ಲ. ಗದ್ದಲವೆದ್ದಿತು.

"ಅಂದ್ರೆ ನಮ್ಮನೆ ಎಲೆಗೆ ಕೈಯಲ್ಲೇ ಬೆವರು ಕುಡಿಸ್ತೀಯ?" ಅಂದರು ಒಬ್ಬರು.

"ಬಿತ್ತಿದ್ರೆ ಮಿಡತೆ ತಿನ್ನತ್ತೆ ಸೋದರತ್ತೆ. ಕೈಯಲ್ಲಿ ಇದ್ರೆ ಇರತ್ತೆ."

"ತಿನ್ಲಿ ಬಿಡು! ಬಿತ್ತಿದ್ದನ್ನ ತಿಂದ್ರೆ ಮರ್ಯಾದೆ. ಬಿತ್ತದೇ ಇಟ್ಕೊಂಡ್ರೆ ಏನರ್ಥ, ನಮ್ಮ ಬೀಜ ಜೊಳ್ಳು ಅಂತ ತಾನೇ?"

ಲೋಕಪ್ಪ ದೊಡ್ಡಪ್ಪ ಗಂಭೀರವಾಗಿ, "ಬೋಳು ಹೊಲ ಮುಂದಿಟ್ಕೊಂಡು ಚೌಕದಲ್ಲಿ ಕೂತ್ರೆ ಆ ಗಡಿಯಾರದೋರು ನಮ್ಮನ್ನ ಏನಂತಾರೆ?" ಅಂದ.

"ಈಗೇನು ಹೊಗಳ್ತಿದಾರಾ ದೊಡ್ಡಪ್ಪ?" ಅಂದಳು ಸಫೂರಾ ಬಾಗಿಲಿನಿಂದ. ಹಣೆಯ ಮೇಲೆ ಕಂಬ ತಾಗಿದ ಗುರುತು ಇನ್ನೂ ಇತ್ತು. "ನಿಮ್ಮ ಮೊಮ್ಮಗಳನ್ನೇ ಕೇಳಿ. ರಸ್ತೆಲಿ ಹೋಗ್ತಿದ್ರೆ ಕತ್ತಲೆ ಕೋಳಿಗಳು ಬಂದ್ವು ಅಂತಾರೆ."

ಒಬ್ಬರು ಎಲೆ ಕೊಡದೆ ಎದ್ದು ಹೋದರು. ಇನ್ನೊಬ್ಬರು ಕೊಟ್ಟು, ಅಂಗಳ ದಾಟಿ, ವಾಪಸ್ ಬಂದು ಕಿತ್ತುಕೊಂಡು ಹೋದರು. ವಾರಿಜಕ್ಕ ಅವರ ಹಿಂದೆ ಮನೆಮನೆಗೆ ಹೋದಳು. ಏನು ಹೇಳಿದಳೋ ತಿಳಿಯದು. ಸಫೂರಾಳ ತಾಯಿ ನನಗೆ ಹೇಳಿದ್ದಿಷ್ಟು: "ಏನೂ ಹೇಳ್ಲಿಲ್ಲಪ್ಪ. ನಮ್ಮ ಹುಡುಗಿ ಖೋ ಅಂದಾಗ ಯಾವ ಕಾಲು ಮುಂದಿಟ್ಟು ಏಳ್ತಾಳೆ ಅಂತ ನಿಮಗೆ ನೆನಪಿದೆಯಾ ಅಂತ ಕೇಳಿದ್ಲು. ನಂಗೆ ನೆನಪಿರಲಿಲ್ಲ." ಕೊನೆಗೆ ಹತ್ತು ಎಲೆಯೂ ಬಂದವು, ಹತ್ತನೆಯದು ಲೋಕಪ್ಪ ದೊಡ್ಡಪ್ಪನದು, ಅದೂ ಮಾತಿಲ್ಲದೆ, ಕಿಟಕಿಯಿಂದ.

ಈಗ ಚೌಕದಲ್ಲಿ, ಅವಳು ಮೊದಲು ಬಿತ್ತಿದ್ದು ತನ್ನ ಮನೆಯ ಎಲೆಯನ್ನೇ.

ಪರಂಜ್ಯೋತಿ ಮಿಡತೆ ಇಳಿಸಿದ. ಅದು ಹಾರಿ ಅವಳ ಒಂಟಿ ಎಲೆಯನ್ನು ತಿಂದು ಇನ್ನೊಂದನ್ನು ಕರೆಯಿತು. ಚಾಪೆಯ ಮೇಲೆ ನಮ್ಮ ಕಡೆ ಏನೂ ಇಲ್ಲ. ಅವರ ಹುಡುಗರು "ಮುಗೀತು, ಮುಗೀತು!" ಎಂದು ಎದ್ದು ನಿಂತರು. ಪಂಚರಲ್ಲಿ ಒಬ್ಬರು ಕೈಯೆತ್ತಿ, "ಆಯಮ್ಮನ ಸರದಿ ಮುಗಿದಾಗ ಬರಿದಾಗಿದ್ರೆ ಸೋಲು. ಇನ್ನೂ ಸರದಿನೇ ಬಂದಿಲ್ಲ. ಕೂತ್ಕೊಳ್ರಿ" ಅಂದರು. ವಾರಿಜಕ್ಕ ಎರಡನೇ ಎಲೆ ಬಿತ್ತಿದಳು.

ಎರಡನೇ ಸರದಿಗೆ ಅವನ ಕೈ ಅಭ್ಯಾಸದಂತೆ ಇನ್ನೊಂದು ಮಿಡತೆಯನ್ನು ಸೇರಿಸಿತು. ಮೂರು ಹಾರಿದವು. ಒಂದು ತಿಂದಿತು, ಎರಡು ಸುಮ್ಮನೆ ನಿಂತವು. ಪರಂಜ್ಯೋತಿ ಆ ಎರಡನ್ನು ನೋಡಿದ. ಆಮೇಲೆ ನಿಧಾನವಾಗಿ, ತನ್ನ ಬೆರಳಿನಿಂದಲೇ, ತನ್ನ ತುಂಬು ಹೊಲದ ಎರಡು ಹಸಿರನ್ನು ಎತ್ತಿ ಪಕ್ಕಕ್ಕಿಟ್ಟ. ಚೌಕದಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ನಗುತ್ತಿದ್ದವರ ಬಾಯಿ ಹಾಗೇ ತೆರೆದಿತ್ತು, ನಗು ಮಾತ್ರ ಹೋಗಿತ್ತು.

ಅವನು ದಡ್ಡನಲ್ಲ, ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ. ಮೂರನೇ ಸರದಿಗೆ ಕೈಯಲ್ಲಿ ಮಿಡತೆ ಇದ್ದರೂ ಇಳಿಸಲಿಲ್ಲ. ಆದರೆ ಇಳಿದವು ನಾಲ್ಕಾಗಿದ್ದವು, ಅವು ಹಾರಲೇಬೇಕಿತ್ತು. ಒಂದು ತಿಂದಿತು, ಮೂರು ತಿರುಗಿದವು. ಅವನ ಹೊಲದಲ್ಲಿ ಐದು ಉಳಿಯಿತು. ನಮ್ಮ ಹುಡುಗಿಯರ ಸಾಲಿನಿಂದ ಸಫೂರಾ ಇದ್ದಕ್ಕಿದ್ದ ಹಾಗೆ ಗಂಟಲು ಹರಿಯುವಂತೆ "ಖೋ!" ಅಂದಳು. ಜನ ಬೆಚ್ಚಿಬಿದ್ದು ಆಮೇಲೆ ನಕ್ಕರು, ಅವರ ಕಡೆಯವರೂ ಒಂದಿಬ್ಬರು. "ಜ್ಯೋತಿಯಣ್ಣಾರೇ, ಬೀಜ ಬೇಕಾ? ಭಟ್ಟಿ ಬೀದಿಲಿ ಬೇಕಾದಷ್ಟಿದೆ!" ಅಂತ ನಮ್ಮವನೊಬ್ಬ ಕೂಗಿದ. ಲೋಕಪ್ಪ ದೊಡ್ಡಪ್ಪ ಟವೆಲಿನಿಂದ ಒಂದು ಕಣ್ಣು ಹೊರಗೆ ತೆಗೆದ.

ವಾರಿಜಕ್ಕ ಕೂಗಿದವರ ಕಡೆ ನೋಡಲಿಲ್ಲ. ಆಟದಲ್ಲಿ ಅವಳನ್ನು ನೋಡಬೇಕು. ಸರದಿ ಬರುವವರೆಗೆ ಖೋ ಖೋ ಸಾಲಿನಲ್ಲಿ ಕೂತ ಹುಡುಗಿಯ ಹಾಗೆ ಒಂದು ಮಂಡಿ ನೆಲಕ್ಕೂರಿ, ಬೆರಳ ತುದಿ ನೆಲಕ್ಕೆ ತಾಗಿಸಿ ಇರುತ್ತಾಳೆ. ಎಲೆ ಎತ್ತುತ್ತಾಳೆ, ಅದು ನವಿಲು. ನವಿಲನ್ನು ಕೈಗೆ ಸೇರಿಸಿ ಇನ್ನೊಂದು ಮನೆಯ ಹಸಿರು ಬಿತ್ತುತ್ತಾಳೆ. ಬಿತ್ತುವಾಗ ಆ ಮನೆಯವರ ಕಡೆ ತಲೆಯೆತ್ತಿ ಒಂದು ಸಲ ನೋಡುತ್ತಾಳೆ. ಅವರಿಗೆ ಅದು ಸಾಕಾಯಿತು. ಬೈದುಕೊಂಡು ಕೊಟ್ಟವರೇ ಈಗ "ನಮ್ಮದು, ನಮ್ಮದು" ಎಂದು ಪಕ್ಕದವರಿಗೆ ತೋರಿಸುತ್ತಿದ್ದರು. ಒಂದು ಕಟ್ಟು ಸೋಲುವುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಅದು ಹೀಗೆ ತನ್ನ ಜೋರಿನಿಂದಲೇ ಕರಗುವುದನ್ನು, ಎದುರಿಗಿರುವವರು ಕೈ ಕೂಡ ಎತ್ತದೆ ನೋಡುತ್ತಾ ಕೂರುವುದನ್ನು ನೋಡಿರಲಿಲ್ಲ.

ನಾಲ್ಕನೇ ಸರದಿ. ಐದು ಹಾರಿದವು, ನಾಲ್ಕು ತಿರುಗಿದವು. ಪರಂಜ್ಯೋತಿಯ ಹೊಲದಲ್ಲಿ ಒಂದೇ ಹಸಿರು. ಅವಳು ಬಿತ್ತಿದಳು, ಅವಳ ಹೊಲದಲ್ಲೂ ಒಂದೇ ಹಸಿರು, ಲೋಕಪ್ಪ ದೊಡ್ಡಪ್ಪನ ಮನೆಯದು. ಎರಡು ಎಲೆಗಳು ಚಾಪೆಯ ಆ ಕಡೆ ಈ ಕಡೆ ಎದುರುಬದುರು. ಸಂಜೆ ಕಳೆದುಕೊಂಡ ಇನ್ನೆರಡು ಬೀದಿಯವರು, ಕುಂಬಾರಗುಂಡಿಯವರು ಮತ್ತು ನೇಕಾರ ಸಾಲಿನವರು, ಇದುವರೆಗೆ ಹಿಂದೆ ಕಡಲೆ ತಿನ್ನುತ್ತಾ ಇದ್ದವರು, ಈಗ ಶಾಮಿಯಾನದ ಕಂಬ ಹಿಡಿದುಕೊಂಡು ತುದಿಗಾಲಲ್ಲಿ ನಿಂತು ಚಾಪೆ ನೋಡುತ್ತಿದ್ದರು.

ಪರಂಜ್ಯೋತಿ ಎಲೆ ಎತ್ತಿದ. ನೋಡಿದ. ಕಣ್ಣು ಮುಚ್ಚಿ ತೆರೆದ. ಆ ಎಲೆಯನ್ನು ಚಾಪೆಯ ನಡುವೆ ಮೆತ್ತಗೆ ಇಟ್ಟ. ಸುಂಟರಗಾಳಿ.

"ನೀನು ಗೋಡೆ ಎಲ್ಲಾ ಕೊಟ್ಟೆ ಅಂತ ಕೇಳಿದೆ ತಂಗಿ" ಅಂದ. "ಗೋಡೆ ಬೇಡ ಅನ್ನೋರು ಕೈಯಲ್ಲಿ ಏನೋ ಇಟ್ಕೋತಾರೆ ಅಂತ ಅನ್ನಿಸ್ತು. ಒಂದೇ ಸಿಕ್ತು ಇದು ಊರಲ್ಲಿ. ಬರೋದು ತಡ ಮಾಡ್ತು."

ವಾರಿಜಕ್ಕ ತನ್ನ ಕೈಯಲ್ಲಿದ್ದ ಐದು ಹಸಿರು, ನವಿಲು, ದೋಣಿ, ಗಾಳಿಪಟ ಎಲ್ಲವನ್ನೂ ಪಂಚರ ಕೈಗೆ ಕೊಟ್ಟಳು. "ಅಯ್ಯೋ ನಮ್ಮನೆದು!" ಎಂದು ಹೆಂಗಸರು ಎದೆ ಮೇಲೆ ಕೈಯಿಟ್ಟುಕೊಂಡರು. ಅವಳ ಕೈ ಖಾಲಿ. ಹೊಲದಲ್ಲಿ ಒಂದು ಎಲೆ. ಮಿಡತೆ ಅದನ್ನು ತಿಂದರೆ ಮುಂದಿನ ಸರದಿಗೆ ಇಡಲು ಅವಳ ಹತ್ತಿರ ಏನೂ ಇಲ್ಲ.

ಗಡಿಯಾರದ ಬೀದಿಯವರು ಕುಣಿಯತೊಡಗಿದರು. ಲೋಕಪ್ಪ ದೊಡ್ಡಪ್ಪ, "ಭತ್ತ" ಅಂತ ಯಾರಿಗೂ ಅಲ್ಲದೆ ಹೇಳಿದ. ಇನ್ನು ಪರಂಜ್ಯೋತಿ ಮಿಡತೆಗಳನ್ನು ಹಾರಿಸಬೇಕು, ಅಷ್ಟೇ.

ಅವನು ಹಾರಿಸಲಿಲ್ಲ. ಮಿಡತೆಗಳ ಮೇಲೆ ಅಂಗೈ ಇಟ್ಟು ಕೂತ. ಅವನ ಹಣೆಯ ಎಣ್ಣೆ ಕೆಳಗಿಳಿಯುತ್ತಿತ್ತು. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, ಆದರೆ ಮೆತ್ತಗೇ, ಹೇಳಿದ: "ತಂಗಿ, ಇಷ್ಟು ಚೆನ್ನಾಗಿ ಆಡಿದೋರನ್ನ ಸೋಲಿಸೋಕೆ ನನಗೆ ಮನಸ್ಸಿಲ್ಲ. ನಿನ್ನ ಕೈ ಖಾಲಿ ಆಯ್ತು. ಹೋಗ್ಲಿ ಬಿಡು, ಸಮ ಅನ್ನೋಣ. ಅರ್ಧ ಸಂಜೆ ನಿಮ್ಮ ಬೀದಿಗೆ ವಾಪಸ್."

ನಮ್ಮ ಬೀದಿ ಪೂರ್ತಿ ಒಂದೇ ಬಾಯಲ್ಲಿ "ಆಗ್ಲಿ ಅನ್ನು!" ಅಂದಿತು. "ಅರ್ಧ ಅಂದ್ರೂ ಸಂಜೆನೇ ಕಣವ್ವ!" ಎಂದು ಲೋಕಪ್ಪ ದೊಡ್ಡಪ್ಪ ಎದ್ದು ಬಂದ. ಅವನ ಕಣ್ಣಲ್ಲಿ ನೀರಿತ್ತು. ನಾನೂ ಅನ್ನುವವನಿದ್ದೆ. ಬಾಯಿ ತೆರೆದಿದ್ದೆ. ಆಗ ನನ್ನ ಕಣ್ಣು, ಪಡಸಾಲೆಯಲ್ಲಿ ಅಷ್ಟು ದಿನ ಬೈಸಿಕೊಂಡು ಕಲಿತಿದ್ದ ನನ್ನ ಕಣ್ಣು, ಅವಳ ಹೊಲವನ್ನು ಬಿಟ್ಟು ಅವನ ಹೊಲಕ್ಕೆ ಹೋಯಿತು. ಅಲ್ಲಿ ಒಂದು ಹಸಿರು. ಅವನ ಅಂಗೈಯ ಕೆಳಗೆ ಆರು ಮಿಡತೆ. ಹಾರಿದರೆ ಒಂದು ಅವಳ ಎಲೆ ತಿನ್ನುತ್ತದೆ. ಉಳಿದ ಐದು ತಿರುಗಿ ಬರುತ್ತವೆ. ಐದು ಹಸಿದ ಮಿಡತೆಗೆ ಒಂದು ಹಸಿರು. ಅವನ ಹೊಲ ಬರಿದಾಗುತ್ತದೆ, ಅವನದೇ ಸರದಿಯಲ್ಲಿ. ಬಿತ್ತಲು ಅವನ ಹತ್ತಿರವೂ ಹಸಿರಿಲ್ಲ. ಹತ್ತನ್ನೂ ಮೊದಲೇ, ಅಂಚಿಗೆ ಅಂಚು ಕೂಡಿಸಿ, ಎಲ್ಲರೂ ಬಿತ್ತುವ ಹಾಗೆ ಬಿತ್ತಿ ಮುಗಿಸಿದ್ದ. ಅವಳ ಖಾಲಿ ಕೈಗೆ ಸರದಿಯೇ ಬರುವುದಿಲ್ಲ.

ಇದು ಚೌಕದಲ್ಲಿ ಇಬ್ಬರಿಗೆ ಗೊತ್ತಿತ್ತು, ಈಗ ಮೂವರಿಗೆ.

ವಾರಿಜಕ್ಕ ಅವನ ಹೊಲದ ಒಂಟಿ ಎಲೆಯ ಕಡೆ ನೋಡಿದಳು. ಪರಂಜ್ಯೋತಿ ಅವಳ ಮುಖವನ್ನೇ ನೋಡುತ್ತಿದ್ದ. ಅಲ್ಲಿ ಏನು ಕಂಡಿತೋ, ಸ್ವಲ್ಪ ಮುಂದೆ ಬಾಗಿದ.

"ಪೂರ್ತಿ ಸಂಜೆ ತಗೋ" ಅಂದ. "ನಿಮ್ಮ ಬೀದಿದು ನಿಮ್ಮ ಬೀದಿಗೆ. ನಾಳೆಯಿಂದಲೇ ನಿನ್ನ ಮಕ್ಕಳು ಮೈದಾನದಲ್ಲಿ ಓಡ್ಲಿ, ನಾನೇ ಬಂದು ನೋಡ್ತೀನಿ. ಒಂದೇ ಮಾತು. ಆಟ ಇಲ್ಲಿಗೆ ನಿಲ್ಲಿಸಿ, ಎಲೆ ಬಾಚ್ಕೊಂಡು ಎದ್ದುಬಿಡೋಣ. ಗೆದ್ದೋರಿಲ್ಲ, ಸೋತೋರಿಲ್ಲ."

"ತಗೊಳ್ಳವ್ವ!" ಲೋಕಪ್ಪ ದೊಡ್ಡಪ್ಪ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. "ಮೈದಾನ ನಿಂದೇ. ಭತ್ತದ ಸುದ್ದಿ ನಾನು ಎತ್ತಲ್ಲ. ನಿನ್ನ ಕೈ ಖಾಲಿ ಇದೆ ಕಣೇ, ಪುಣ್ಯಾತ್ಮ ಕೊಡ್ತಾ ಇದಾನೆ, ತಗೋ!" ಸಫೂರಾಳ ತಾಯಿ ದೂರದಿಂದ ಕೈ ಮುಗಿದಳು. ಸಫೂರಾ ಮಾತ್ರ ಕೈ ಮುಗಿಯಲಿಲ್ಲ, ಕೂಗಲೂ ಇಲ್ಲ. ತನ್ನ ಗುರುವಿನ ಬೆನ್ನನ್ನೇ ನೋಡುತ್ತಾ, ಗೊತ್ತಿಲ್ಲದೆಯೇ ಒಂದು ಮಂಡಿ ನೆಲಕ್ಕೂರಿ ಕೂತಿದ್ದಳು.

ವಾರಿಜಕ್ಕ ಮೊದಲ ಸಲ ಸುತ್ತಲೂ ನೋಡಿದಳು. ಹುಡುಗಿಯರ ಕಡೆ ನೋಡಿದಳು. ಕಂಬ ಹಿಡಿದು ನಿಂತ ಕುಂಬಾರಗುಂಡಿಯವರ ಕಡೆ, ಒಬ್ಬರ ಹೆಗಲ ಮೇಲೊಬ್ಬರು ಗದ್ದ ಊರಿ ಚಾಪೆಯನ್ನು ನೋಡುತ್ತಿದ್ದ ನೇಕಾರ ಸಾಲಿನವರ ಕಡೆ ನೋಡಿದಳು. ಎಲೆ ಬಾಚಿಕೊಂಡರೆ ಅವರಿಗೆ ಕಾಣುವುದು ಇಷ್ಟೇ: ಮಿಡತೆ ಕಟ್ಟು ಸೋಲಲಿಲ್ಲ, ಕರುಣೆ ತೋರಿಸಿತು. ಆಮೇಲೆ ಅವಳು ಪರಂಜ್ಯೋತಿಯ ಕಡೆ ತಿರುಗಿದಳು. ಅವನ ಅಂಗೈ ಇನ್ನೂ ಮಿಡತೆಗಳ ಮೇಲಿತ್ತು.

"ಬೇಡ" ಅಂದಳು. "ಕೈ ತೆಗೀರಿ. ಹಾರಿಸಿ."